ಅಕ್ಕನ ಕಾವಿನ ಬುಟ್ಟಿ

ಕೋಳಿಯ ಬುದ್ಧಿಯನ್ನು ಹೊಗಳುವವರು ಕೋಳಿ ಸಾಕಿದವರಲ್ಲ. ಇದನ್ನು ನಾನು ಬರೆದುಕೊಡಬಲ್ಲೆ. ಹತ್ತು ಹನ್ನೆರಡು ವರ್ಷ ಅವುಗಳ ಜೊತೆ ಒಂದೇ ಹಿತ್ತಲಲ್ಲಿ ಬಾಳುವೆ ಮಾಡಿದವಳು ನಾನು. ಗೂಡಿನ ಬಾಗಿಲು ಹಾರುಹೊಡೆದು ತೆರೆದಿದ್ದರೂ ಪಕ್ಕದ ಜಾಲರಿಗೆ ತಲೆ ಗುದ್ದಿಕೊಳ್ಳುತ್ತ ನಿಲ್ಲುವ ಪ್ರಾಣಿ ಅದು. ತಾನೇ ಇಟ್ಟ ತತ್ತಿಯನ್ನು ನೋಡಿ ತಾನೇ ಬೆಚ್ಚಿಬಿದ್ದು ಓಣಿಗೆಲ್ಲ ಕೇಳುವಂತೆ ಕೂಗುತ್ತದೆ. ನಾನು ಬೆಳಿಗ್ಗೆ ಮಡಿ ಮಾಡಿ ಕೊತ್ತಂಬರಿ ಬೀಜ ಹಾಕಿದರೆ, ಶಾಲೆ ಮುಗಿಸಿ ಬರುವಷ್ಟರಲ್ಲಿ ಅದೇ ಮಡಿಯಲ್ಲಿ ಗುಂಡಿ ತೋಡಿ, ಅದರಲ್ಲಿ ಮಲಗಿ, ರೆಕ್ಕೆಯ ತುಂಬ ಮಣ್ಣು ಮಾಡಿಕೊಂಡು, ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿರುತ್ತದೆ. ಆ ನೋಟದಲ್ಲಿ ನಾಚಿಕೆ ಹೋಗಲಿ, ಗುರುತು ಕೂಡ ಇರುವುದಿಲ್ಲ.

ಆ ಕೋಳಿಗಳು ನನ್ನವಲ್ಲ, ಅಕ್ಕನವು. ಅಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಬರುವ ಮೊದಲೇ ಅವಳ ಗಂಡ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಅವಳ ಅಣ್ಣ ಬಂದು ಅವಳನ್ನು ಅಮ್ಮಿನಬಾವಿಯ ತವರಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಅವಳು ಇದ್ದದ್ದು ಮನೆಯಲ್ಲಿ ಎನ್ನುವುದಕ್ಕಿಂತ ಕೊಟ್ಟಿಗೆಯಲ್ಲಿ ಎಂದರೆ ಸರಿ. ಎಮ್ಮೆ ಹಿಂಡುವುದು, ಸಗಣಿ ಬಾಚುವುದು, ಆಳುಗಳಿಗೆ ರೊಟ್ಟಿ ಬಡಿಯುವುದು, ಅತ್ತಿಗೆಯ ಬಾಯಿಂದ ಬಂದದ್ದನ್ನು ಕೇಳಿಸಿಕೊಳ್ಳುವುದು. ತೊಂಬತ್ತರ ದಶಕದ ನಡುವೆ ನನ್ನ ಎರಡನೆಯ ಬಾಣಂತನಕ್ಕೆ ಯಾರೂ ಸಿಗಲಿಲ್ಲ. ಅಕ್ಕ ಬಂದಳು. ಬರುವಾಗ ಬುಟ್ಟಿಯಲ್ಲಿ ಎರಡು ಹೇಂಟೆ, ಒಂದು ಹುಂಜ ಹೊತ್ತು ತಂದಳು. ಬಾಣಂತನ ಮುಗಿಯಿತು, ಕೂಸು ಅಂಬೆಗಾಲಿಕ್ಕಿತು, ಅಕ್ಕ ಹೋಗಲಿಲ್ಲ. ಹೋಗೆಂದು ನಾವು ಹೇಳಲಿಲ್ಲ.

ನಮ್ಮ ಮನೆಯಲ್ಲೂ ಅವಳು ದುಡಿಯುತ್ತಿರಲಿಲ್ಲವೇ ಎಂದು ಕೇಳುವವರು ಆಗಲೂ ಇದ್ದರು. ದುಡಿಯುತ್ತಿದ್ದಳು. ನನ್ನ ಗಂಡ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸು ಹಿಡಿದರೆ ಕತ್ತಲಾದ ಮೇಲೆ ಬರುತ್ತಿದ್ದರು. ನಾನು ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ. ಮಕ್ಕಳು ಅಕ್ಕನ ಕೈಯಲ್ಲೇ ಬೆಳೆದವು. ಆದರೆ ನಮ್ಮ ಮನೆಯಲ್ಲಿ ಅವಳು ಮಧ್ಯಾಹ್ನ ಮಲಗುತ್ತಿದ್ದಳು. ಬೇಡವೆನಿಸಿದ ದಿನ ಅಡುಗೆ ಮಾಡುತ್ತಿರಲಿಲ್ಲ, ‘ಇವತ್ತ ನೀನ ಮಾಡ’ ಎಂದು ನನಗೇ ಹೇಳುತ್ತಿದ್ದಳು. ಅವಳಿಗೂ ಇಲ್ಲಿರುವುದು ಬೇಕಾಗಿತ್ತು, ನನಗೂ ಅವಳು ಬೇಕಾಗಿತ್ತು. ಇಷ್ಟು ಸರಳವಾದ ವಿಷಯವನ್ನು ಅವಳು ತನ್ನ ಅಣ್ಣನಿಗೆ ಹೇಳುವಂತಿರಲಿಲ್ಲ.

ಹೇಳುವಂತಿರಲಿಲ್ಲ ಎಂದರೆ ಹೇಳುವಂತಿರಲಿಲ್ಲ, ಅಷ್ಟೇ. ತವರಿನಿಂದ ಅಣ್ಣ ಕರೆಯಲು ಬಂದಾಗ ತಂಗಿ ‘ಒಲ್ಲೆ’ ಅನ್ನಬಾರದು. ಅಂದರೆ ತವರು ಹರಿದುಹೋಯಿತು ಎಂದೇ ಲೆಕ್ಕ. ಮತ್ತೆ ನಾಗರ ಪಂಚಮಿಗೆ ಕರೆಯಿಲ್ಲ, ಹಬ್ಬದ ಸಿಹಿ ಉಂಡಿ ಇಲ್ಲ, ಸತ್ತರೆ ಮೇಲೆ ಹೊದಿಸುವ ತವರಿನ ಸೀರೆಯೂ ಇಲ್ಲ. ನನಗೆ ಇದೆಲ್ಲ ಮೂರು ಕಾಸಿನ ಮಾತು ಎನಿಸುತ್ತಿತ್ತು. ಅಕ್ಕನಿಗೆ ಹಾಗೆ ಎನಿಸುತ್ತಿರಲಿಲ್ಲ. ಅಣ್ಣನ ಎದುರು ಅವಳ ಬಾಯಿಂದ ಆ ಶಬ್ದ ಹೊರಡುತ್ತಲೇ ಇರಲಿಲ್ಲ.

ಅಣ್ಣನಿಗೆ ತಂಗಿಯ ಮೇಲಿನ ಪ್ರೀತಿ ಉಕ್ಕುವುದಕ್ಕೂ ಕಾಲಗಳಿದ್ದವು. ಎಮ್ಮೆ ಈಯುವ ಹೊತ್ತಿಗೆ ಉಕ್ಕುತ್ತಿತ್ತು. ಹತ್ತಿ ಬಿಡಿಸುವಾಗ ಉಕ್ಕುತ್ತಿತ್ತು. ಜೋಳದ ಸುಗ್ಗಿಯಲ್ಲಿ ಆಳುಗಳಿಗೆ ಬುತ್ತಿ ಕಟ್ಟಬೇಕಾದಾಗ ಕಣ್ಣಲ್ಲಿ ನೀರು ಬರುವಷ್ಟು ಉಕ್ಕುತ್ತಿತ್ತು. ಪಂಚಮಿಗಂತೂ ಹಬ್ಬದ ನೆಪವೇ ಇತ್ತು. ಹೆಗಲ ಮೇಲೆ ಟಾವೆಲು, ಕೈಯಲ್ಲಿ ಕರೀ ಕೊಡೆ, ಕುರ್ಚಿಯ ತುದಿಯ ಮೇಲೆ ಅರ್ಧ ಕೂತು, ಬಸಿಯಲ್ಲಿ ಚಹಾ ಸುರುವಿಕೊಂಡು ಸೊರ್ರೆಂದು ಕುಡಿದು, ನೆಲ ನೋಡುತ್ತ ಒಂದೇ ಮಾತು ಹೇಳುತ್ತಿದ್ದ: “ಕರಕೊಂಡ ಹೋಗಾಕ ಬಂದೇನಿ.” ಮನುಷ್ಯನಿಗೆ ಎರಡನೆಯ ಮಾತು ಬರುತ್ತಿರಲಿಲ್ಲ. ಅವನನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಮೊದಲ ಸಲ ಅವನು ಬಂದದ್ದು ಒಂದು ಪಂಚಮಿಗೆ. ಧಾರವಾಡದ ಶ್ರಾವಣ ಗೊತ್ತಿದ್ದವರಿಗೆ ಗೊತ್ತು. ಸುರಿದು ಮುಗಿಸುವ ಮಳೆಯಲ್ಲ, ಬೆಳಗಿನಿಂದ ಸಂಜೆಯವರೆಗೆ ಜಿಟಿಜಿಟಿ ಹಿಡಿದು ಜೀವ ತಿನ್ನುವ ಮಳೆ. ಕೋಳಿಗಳು ಪೇರಲ ಗಿಡದ ಬುಡದಲ್ಲಿ ಕತ್ತು ಒಳಗೆ ಎಳೆದುಕೊಂಡು ನಿಂತಿದ್ದವು. ಎರಡು ಹೆಜ್ಜೆ ಆಚೆ ಒಣಗಿದ ಗೂಡಿತ್ತು, ಅದು ಅವುಗಳ ತಲೆಗೆ ಹೊಳೆದಿರಲಿಲ್ಲ. ಒಂದು ಹೇಂಟೆ ಮಾತ್ರ ಅಡುಗೆಮನೆಯ ಹಿಂದಿನ ಸೂರಿನ ಕೆಳಗೆ ಬುಟ್ಟಿಯಲ್ಲಿ ಕಾವಿಗೆ ಕೂತಿತ್ತು.

“ಕರಕೊಂಡ ಹೋಗಾಕ ಬಂದೇನಿ” ಎಂದ.

ಅಕ್ಕ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಸ್ವಲ್ಪ ಹೊತ್ತು ಸೆರಗಿನ ತುದಿ ತಿರುವಿ, ಆಮೇಲೆ ಹೇಳಿದಳು: “ಹ್ಯಾಂಗ ಬರ್ಲಿ ಅಣ್ಣಾ. ಕೋಳಿ ಕಾವಿಗೆ ಕುಂತೈತಿ.”

ಅವನು ತಲೆ ಎತ್ತಿದ. “ಹೌದೇನು?”

“ಮೊನ್ನೆ ಕುಂತೈತಿ. ಇನ್ನ ಮೂರ ವಾರ ಬಿಟ್ಟ ಬರಾಕ ಆಗಂಗಿಲ್ಲ. ಆಮ್ಯಾಲ ಮರಿ ಆದ್ರ ಹದ್ದಿನ ಕಾಟ. ನೋಡಾವ್ರ ಯಾರ ಅದಾರ, ಇಕಿ ಸಾಲಿಗೆ ಹೋಗ್ತಾಳ.”

ಅವನು ಚಹಾ ಮುಗಿಸಿದ. ಬಸಿ ಕೆಳಗಿಟ್ಟ. “ಹಂಗಾದ್ರ ಬ್ಯಾಡ ಬಿಡು. ಕಾವಿನ ಕೋಳಿ ಬಿಟ್ಟ ಬರಬಾರದು” ಎಂದು ಉಂಡಿಯ ಗಂಟು ಕೊಟ್ಟು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ.

ನಾನು ಅಡುಗೆಮನೆಗೆ ಬಂದು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕೆ. ಕೋಳಿಯನ್ನು ನೆಪ ಮಾಡಿ ಮನುಷ್ಯನನ್ನು ತಿರುಗಿಸಿ ಕಳಿಸಬಹುದು ಎಂದು ನನಗೆ ಗೊತ್ತಿರಲಿಲ್ಲ. ಕಾವಿನ ಕೋಳಿಗೆ ದಿನಕ್ಕೊಮ್ಮೆ ಒಂದು ಹಿಡಿ ಜೋಳ, ಒಂದು ಚಿಪ್ಪು ನೀರು ಇಟ್ಟರೆ ಆಯಿತು ಎಂದು ಅಷ್ಟರಲ್ಲಿ ನನಗೇ ತಿಳಿದಿತ್ತು. ಅದಕ್ಕೆ ಆಳು ಕಾಯಬೇಕಿಲ್ಲ. ರಾತ್ರಿ ಗಂಡನಿಗೆ ಊಟ ಬಡಿಸುತ್ತ, “ನಿಮ್ಮ ಅತ್ತಿಗೆಯ ಅಣ್ಣ ಕೋಳಿಗಿಂತ ದಡ್ಡ” ಎಂದು ಹೇಳಿದೆ. ಅವರು ತಲೆ ಎತ್ತದೆ ಊಟ ಮಾಡಿದರು. ಯಾರ ಬಗ್ಗೆಯೂ ಏನೂ ಹೇಳದೆ ಬದುಕುವುದನ್ನು ನನ್ನ ಗಂಡ ಒಳ್ಳೆಯತನ ಎಂದುಕೊಂಡಿದ್ದರು.

ಅಲ್ಲಿಂದ ಮುಂದೆ ನಮ್ಮ ಹಿತ್ತಲಿನ ಕಾಲಮಾನ ಮಳೆ ನಕ್ಷತ್ರಗಳಿಂದಲ್ಲ, ಅಣ್ಣನ ಬರವಿನಿಂದ ನಡೆಯಿತು. ಅವನು ಬರುವ ಕಾಲಕ್ಕೆ ಒಂದು ಕೋಳಿ ಕಾವಿಗೆ ಕೂತಿರಬೇಕು. ಕೋಳಿ ನಾವು ಹೇಳಿದ ದಿನ ಕೂರುವುದಿಲ್ಲ. ಅಕ್ಕ ಅದನ್ನು ಬಹಳ ಮೊದಲೇ ಶುರುಮಾಡುತ್ತಿದ್ದಳು. ತತ್ತಿ ಎತ್ತದೆ ಗೂಡಿನಲ್ಲೇ ಬಿಡುವುದು, ಮೂಲೆಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡುವುದು, ಮೈ ಕಾವೇರಲಿ ಎಂದು ಸಜ್ಜೆ ತಿನ್ನಿಸುವುದು. ಬುಟ್ಟಿಗೆ ಹೊಟ್ಟು ಹಾಸಿ, ಬೆಸ ಲೆಕ್ಕದಲ್ಲಿ ತತ್ತಿ ಇಟ್ಟು, ಗುಡುಗಿಗೆ ತತ್ತಿ ಕೆಡಬಾರದೆಂದು ಒಂದು ಮೊಳೆ, ಒಂದು ಚೂರು ಇದ್ದಿಲು ಹಾಕುತ್ತಿದ್ದಳು. ಮೇಲೆ ಇನ್ನೊಂದು ಬುಟ್ಟಿ ಕವುಚಿ, ಬೆಕ್ಕು ಬರದಂತೆ ಕಲ್ಲು ಹೇರುತ್ತಿದ್ದಳು. ಗುಡುಗಿಗೂ ಮೊಳೆಗೂ ಏನು ಸಂಬಂಧ ಎಂದು ನಾನು ಕೇಳಿದರೆ, “ಸಾಲ್ಯಾಗ ಕಲಿಸಿಲ್ಲೇನು ನಿನಗ” ಎನ್ನುತ್ತಿದ್ದಳು.

ದೀಪಾವಳಿ ಮುಗಿದು ಚಳಿ ಬಿದ್ದಾಗ ಹಿತ್ತಲು ನೋಡಲಾಗುತ್ತಿರಲಿಲ್ಲ. ಕೋಳಿಗಳು ಪುಕ್ಕ ಉದುರಿಸಿ ಬೋಳು ಕುತ್ತಿಗೆ ಚಾಚಿಕೊಂಡು, ಅದರಲ್ಲೂ ಒಂದು ಬಿಂಕ ಮಾಡಿಕೊಂಡು ತಿರುಗುತ್ತಿದ್ದವು. ಅವರೆಯ ಬಳ್ಳಿ ಕಾಂಪೌಂಡಿನ ಮೇಲೆ ಹಬ್ಬಿ ಹೂ ಬಿಟ್ಟರೆ ಅದರ ಕೆಳಗಿನ ಎಲೆಯೆಲ್ಲ ಅವುಗಳ ಪಾಲು. ಸುಗ್ಗಿಯ ಹೊತ್ತಿಗೆ ಮಂಜು ಕಡಿಮೆಯಾಗಿ ಬಿಸಿಲು ಹಿತವಾಗುತ್ತಿತ್ತು, ಪೇರಲ ಹಣ್ಣು ನೆಲಕ್ಕೆ ಬಿದ್ದು ಹುಳಿಯಾಗಿ ನಾರುತ್ತಿತ್ತು, ಆಗ ಅಣ್ಣ ಬರುತ್ತಿದ್ದ. ಬೇಸಿಗೆಯಲ್ಲಿ ನಳದ ನೀರು ಬರುವುದೇ ವಾರಕ್ಕೊಮ್ಮೆ. ನಾವು ಪಾತ್ರೆ ತೊಳೆದ ನೀರನ್ನು ಬದನೆ ಗಿಡಕ್ಕೆ ಹಾಕಿದರೆ ಕೋಳಿಗಳು ಬಾಯಿ ತೆರೆದು ಓಡಿಬಂದು ಅದೇ ಕೆಸರಿನಲ್ಲಿ ನಿಲ್ಲುತ್ತಿದ್ದವು. ಒಮ್ಮೊಮ್ಮೆ ಅಡ್ಡಮಳೆ ಆಣೆಕಲ್ಲು ಸಮೇತ ಬಂದು ಮಾವಿನ ಮಿಡಿಯನ್ನೆಲ್ಲ ಕೆಡವಿದರೆ, ಆಣೆಕಲ್ಲನ್ನು ಕಾಳೆಂದು ತಿಳಿದು ಕುಕ್ಕಿ ಕುಕ್ಕಿ ಬೇಸತ್ತು ಹೋಗುತ್ತಿದ್ದವು. ಪ್ರತಿ ಸಲವೂ ಕುಕ್ಕುತ್ತಿದ್ದವು.

ಅಣ್ಣ ಬರುತ್ತಿದ್ದ, ಕೋಳಿ ಕೂತಿರುತ್ತಿತ್ತು, ಅಣ್ಣ ಚಹಾ ಕುಡಿದು ಹೋಗುತ್ತಿದ್ದ. ಒಂದು ಸಲವೂ ಎದ್ದು ಹಿತ್ತಲಿಗೆ ಬಂದು ನೋಡಲಿಲ್ಲ. ಮೂರು ವಾರದ ಮೇಲೆ ಮರಿಗಳು ಆಗುತ್ತಿದ್ದವು. ಹದ್ದು ಒಯ್ದದ್ದು, ಬೆಕ್ಕು ಒಯ್ದದ್ದು ಬಿಟ್ಟು ಉಳಿದವು ಬೆಳೆದು ಹಿತ್ತಲು ತುಂಬುತ್ತಿದ್ದವು. ಹುಂಜಗಳು ಸಾರಾಗುತ್ತಿದ್ದವು, ಹೇಂಟೆಗಳು ಮತ್ತೆ ಕಾವಿಗೆ ಕೂರುತ್ತಿದ್ದವು. ನನ್ನ ಕೊತ್ತಂಬರಿ ಮಡಿಯಲ್ಲಿ ಹೊರಳುತ್ತಿದ್ದ ಒಂದೊಂದು ಕೋಳಿಯೂ ಅಕ್ಕ ತನ್ನ ಅಣ್ಣನಿಗೆ ಹೇಳಲಾರದೆ ಉಳಿಸಿಕೊಂಡ ಒಂದೊಂದು ‘ಒಲ್ಲೆ’. ಅದನ್ನು ನೆನೆದು ನಾನು ಅವುಗಳನ್ನು ಸಹಿಸಿಕೊಳ್ಳುತ್ತಿದ್ದೆ.

ಸಹಿಸಿಕೊಳ್ಳದವರು ಪಕ್ಕದ ಮನೆಯ ಮಾಸ್ತರರು. ನಿವೃತ್ತ ಮುಖ್ಯೋಪಾಧ್ಯಾಯರು, ನಮ್ಮ ಬಡಾವಣೆಯ ಸಂಘಕ್ಕೆ ಅಧ್ಯಕ್ಷರು, ದಸರೆಯಿಂದ ಶಿವರಾತ್ರಿಯವರೆಗೆ ತಲೆಗೆ ಮಂಕಿಟೋಪಿ. ನಮ್ಮ ಬಡಾವಣೆಯಲ್ಲಿ ಎಲ್ಲರೂ ಒಂದಲ್ಲ ಒಂದು ಹಳ್ಳಿಯಿಂದ ಬಂದವರೇ. ಬಂದದ್ದು ಯಾರಿಗೂ ಗೊತ್ತಾಗಬಾರದು ಎಂಬುದೇ ಅವರ ತೋಟಗಾರಿಕೆಯ ಉದ್ದೇಶವಾಗಿತ್ತು. ಎರಡು ಚಾಪೆಯಷ್ಟು ಜಾಗದಲ್ಲಿ ಹುಲ್ಲುಹಾಸು, ಸುತ್ತ ಸುಣ್ಣ ಬಳಿದ ಇಟ್ಟಿಗೆ, ಯಾರೂ ತಿನ್ನಲಾಗದ, ಮುಡಿಯಲಾಗದ ಕ್ರೋಟನ್ನು. ಮಾಸ್ತರರ ಹತ್ತಿರ ಗುಲಾಬಿ ಇದ್ದವು. ನೀರು ಬಂದ ದಿನ ಮನೆಯವರ ಸ್ನಾನ ನಿಲ್ಲಿಸಿ ಗುಲಾಬಿಗೆ ಹಾಕಿಸುತ್ತಿದ್ದರು. ನಮ್ಮ ಕೋಳಿ ಗೋಡೆ ಹಾರಿ ಆ ಪಾತಿ ಕೆದರಿದ ದಿನ ಇಡೀ ಓಣಿ ಅವರ ಪಾಠ ಕೇಳಬೇಕು. “ಇದು ಸುಶಿಕ್ಷಿತರ ಏರಿಯಾ ಅದರಿ” ಎಂದು ಶುರುವಾಗುತ್ತಿತ್ತು. ಅದೇ ಮಾಸ್ತರರು ದೀಪಾವಳಿ ಕಳೆದ ಮೇಲೆ ಸೊಸೆಯ ಕೈಯಲ್ಲಿ ಖಾಲಿ ಚೀಲ ಕೊಟ್ಟು ನಮ್ಮ ಗೂಡಿನ ಗೊಬ್ಬರ ತರಿಸಿಕೊಳ್ಳುತ್ತಿದ್ದರು. ಅವರ ಗುಲಾಬಿ ಅಷ್ಟು ಕೆಂಪಗೆ ಅರಳುತ್ತಿದ್ದುದು ಸುಶಿಕ್ಷಣದಿಂದಲ್ಲ.

ಕೋಳಿ ಹೋಗಬೇಕಾದರೆ ಅಕ್ಕ ಹೋಗಬೇಕು. ಇದನ್ನು ಮಾಸ್ತರರು ಬಹಳ ಬೇಗ ಲೆಕ್ಕ ಹಾಕಿದರು. ನಮ್ಮ ಸಾಲಿನಲ್ಲಿ ಫೋನು ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಅಮ್ಮಿನಬಾವಿಯಿಂದ ಫೋನು ಬಂದರೆ ಅವರೇ ಗೋಡೆಯ ಆಚೆಯಿಂದ ಕರೆಯುತ್ತಿದ್ದರು, ಅಕ್ಕ ಹೋಗಿ ಮಾತಾಡುತ್ತಿದ್ದಳು, ಅವರು ಪಕ್ಕದಲ್ಲೇ ಕೂತು ಪೇಪರು ಓದುವವರಂತೆ ಕೇಳಿಸಿಕೊಳ್ಳುತ್ತಿದ್ದರು. ಪ್ರತಿ ಸಲವೂ ಕೋಳಿ ಕಾವಿಗೆ ಕೂತದ್ದೇ ಸುದ್ದಿ. ಇಂಥದ್ದರಲ್ಲಿ ಅವರು ಜಾಣರು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ಕೋಳಿಗಳಿಗೆ ಬೇನೆ ಬಂತು. ಬೆಳಿಗ್ಗೆ ತೂಕಡಿಸುತ್ತ ನಿಂತದ್ದು ಸಂಜೆಗೆ ಕಾಲು ಚಾಚಿರುತ್ತಿತ್ತು. ಅಕ್ಕ ಬೆಳ್ಳುಳ್ಳಿ ಅರೆದು ಹಾಕಿದಳು, ಅರಿಶಿನದ ನೀರು ಕುಡಿಸಿದಳು, ನಾನು ದನದ ದವಾಖಾನೆಯಿಂದ ಗುಳಿಗೆ ತಂದೆ. ಒಂದು ವಾರದಲ್ಲಿ ಹಿತ್ತಲು ಖಾಲಿಯಾಯಿತು. ಉಳಿದದ್ದು ಒಂದೇ ಒಂದು ಬೂದು ಬಣ್ಣದ ಹೇಂಟೆ. ಅಷ್ಟು ದಿನ ಒಂದು ಸಲವೂ ಕಾವಿಗೆ ಕೂರದ, ಕೂರುವ ಲಕ್ಷಣವೂ ಇಲ್ಲದ, ಬೀದಿ ಅಲೆಯುವ ಹೇಂಟೆ. ಸಾಯಬೇಕಾದದ್ದು ಅದು ಎಂದು ನಾನು ಬಾಯಿಬಿಟ್ಟು ಹೇಳಿದೆ. ಅಕ್ಕ ಪೇರಲ ಗಿಡದ ಹಿಂದೆ ಗುಂಡಿ ತೋಡಿ ಸತ್ತವನ್ನು ಹೂಳುತ್ತಿದ್ದಳು.

ಬೇನೆ ಬಿದ್ದ ಹಿತ್ತಲಿಗೆ ಮಳೆಗಾಲ ಕಳೆಯುವವರೆಗೆ ಹೊಸ ಕೋಳಿ ತರಬಾರದು ಎಂದು ದವಾಖಾನೆಯವರು ಹೇಳಿದ್ದರು. ಪಂಚಮಿ ಹತ್ತಿರ ಬಂತು. ಆ ವರ್ಷದ ಸುದ್ದಿ ಬೇರೆಯಾಗಿತ್ತು. ಅಣ್ಣನ ಕಿರಿಯ ಸೊಸೆ ಗಂಡನನ್ನು ಕರೆದುಕೊಂಡು ಬೇರೆ ಒಲೆ ಹೂಡಿದ್ದಳು. ಹಿರಿಯ ಸೊಸೆ ಇನ್ನು ಸಗಣಿ ಮುಟ್ಟುವುದಿಲ್ಲ ಎಂದಿದ್ದಳು. ಇನ್ನು ಅಕ್ಕನನ್ನು ತಂದು ಇಟ್ಟುಕೊಳ್ಳುವುದೇ ಸರಿ, ಹಬ್ಬಕ್ಕೆಂದು ತಂದು ಮರಳಿ ಕಳಿಸುವುದು ಬೇಡ ಎಂದು ಅಣ್ಣನ ಹೆಂಡತಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳಂತೆ. ಈ ಸಲ ಹೋದರೆ ಅಕ್ಕ ತಿರುಗಿ ಬರುವುದಿಲ್ಲ ಎಂಬುದು ನಮಗೆ ಇಬ್ಬರಿಗೂ ಗೊತ್ತಿತ್ತು.

ಹಬ್ಬದ ಹಿಂದಿನ ದಿನ ಮಾಸ್ತರರು ಗೋಡೆಯ ಆಚೆಯಿಂದ ಕೂಗಿದರು. ಅಕ್ಕ ಹೋಗಿ ಮಾತಾಡಿ ಬಂದಳು. ಬಂದು ಕಟ್ಟೆಯ ಮೇಲೆ ಕೂತಳು.

“ಏನಂದಿ?” ಎಂದೆ.

“ಕೋಳಿ ಕಾವಿಗೆ ಕುಂತೈತಿ ಅಂದೆ. ರೂಢಿ ನೋಡು, ಬಾಯಿಂದ ಬಂದ ಬಿಡ್ತು.”

“ಅದಕ್ಕ ಅಂವಾ ಏನಂದಾ?”

“ಆದರೂ ಬರತೇನಿ ಅಂದ.”

ಆ ಸಂಜೆ ನಾವಿಬ್ಬರೂ ಆ ಬೂದು ಹೇಂಟೆಯನ್ನು ಹಿಡಿದು ಬುಟ್ಟಿಯಲ್ಲಿ ಕೂರಿಸಲು ನೋಡಿದೆವು. ಸಜ್ಜೆ ಹಾಕಿದೆವು, ಅಂಗಡಿಯ ತತ್ತಿ ತಂದು ಇಟ್ಟೆವು, ಮೇಲೆ ಬುಟ್ಟಿ ಕವುಚಿ ಕಲ್ಲಿಟ್ಟೆವು. ಒಳಗೆ ದಡಬಡ ಗದ್ದಲ ಮಾಡಿ, ತತ್ತಿಯನ್ನೆಲ್ಲ ಒಡೆದು, ಬುಟ್ಟಿ ಉರುಳಿಸಿ, ಹಳದಿ ಮೆತ್ತಿದ ಕಾಲಿನಲ್ಲಿ ಹೊರಗೆ ಬಂದು ನಿಂತಿತು. ಹತ್ತು ವರ್ಷ ಬೇಕೆಂದಾಗೆಲ್ಲ ಕೂತ ಜಾತಿಯಲ್ಲೇ ಹುಟ್ಟಿದ್ದು ಅದು.

“ಹೋಗ್ತೀನಿ ಬಿಡು ಈ ಸಲ” ಎಂದಳು ಅಕ್ಕ. ಒಳಗೆ ಹೋಗಿ ತನ್ನ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬತೊಡಗಿದಳು. ಅವಳು ಅಳಲಿಲ್ಲ. ನನಗೇ ಅಳು ಬಂತು, ಅದಕ್ಕೆ ಸಿಟ್ಟೂ ಬಂತು.

“ಬುಟ್ಟಿ ಕವುಚಿ ಇಡು, ಕಲ್ಲ ಹೇರು. ಒಳಗ ಏನೂ ಇಲ್ಲದಿದ್ರ ಏನಾತು? ಆ ಮನುಷ್ಯಾ ಒಂದ ದಿನಾನರ ಎದ್ದ ಬಂದ ನೋಡ್ಯಾನೇನು?” ಎಂದೆ.

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಬುಟ್ಟಿಗೆ ಹೊಸ ಹೊಟ್ಟು ಹಾಸಿ, ಮೊಳೆ ಹಾಕಿ, ಇದ್ದಿಲು ಹಾಕಿ, ಇನ್ನೊಂದು ಬುಟ್ಟಿ ಕವುಚಿ ಕಲ್ಲಿಟ್ಟಳು. ಕೋಳಿಯಿಲ್ಲದ ಬುಟ್ಟಿಗೆ ಮೊಳೆ ಯಾಕೆ ಎಂದು ನಾನು ಕೇಳಲಿಲ್ಲ. ಸೀರೆಯ ಚೀಲವನ್ನು ಅವಳು ಬಿಚ್ಚಲೂ ಇಲ್ಲ.

ಮರುದಿನ ಬೆಳಿಗ್ಗೆ ಬೂದು ಹೇಂಟೆಯನ್ನು ಹಿಡಿದು ಬಚ್ಚಲಮನೆಯಲ್ಲಿ ಹಾಕಿ ಚಿಲಕ ಹಾಕಿದೆ. ಜಿಟಿಜಿಟಿ ಮಳೆಯಲ್ಲೇ ಅಣ್ಣ ಬಂದ. ವಯಸ್ಸಾಗಿತ್ತು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಉಂಡಿಯ ಗಂಟು ಕೊಟ್ಟ, ಕುರ್ಚಿಯ ತುದಿಗೆ ಕೂತ. ಅವನ ಹಿಂದೆಯೇ ಮಾಸ್ತರರೂ ಬಂದರು. ಹಬ್ಬಕ್ಕೆ ಬಂದವರನ್ನು ಮಾತಾಡಿಸಲು ಬಂದಂತೆ ಬಂದು, ಇನ್ನೊಂದು ಕುರ್ಚಿಯ ತುಂಬ ಕೂತರು. ನನ್ನ ಗಂಡ ಪೇಪರು ಮಡಚಿ, ಮತ್ತೆ ಬಿಚ್ಚಿ, ಅದರ ಹಿಂದೆ ಹೋದರು.

“ಕರಕೊಂಡ ಹೋಗಾಕ ಬಂದೇನಿ” ಎಂದ ಅಣ್ಣ.

“ಹ್ಯಾಂಗ ಬರ್ಲಿ ಅಣ್ಣಾ, ಕೋಳಿ...” ಎಂದಳು ಅಕ್ಕ.

ಮಾಸ್ತರರು ಇದಕ್ಕಾಗಿಯೇ ಕಾಯುತ್ತಿದ್ದರು. “ಅಲ್ರಿ ಯಜಮಾನ್ರ, ನೀವು ಒಕ್ಕಲುತನದವ್ರು. ಒಂದು ಕೋಳಿ ಸಲುವಾಗಿ ಹೆಣ್ಣಮಗಳು ವರ್ಷಾ ತವರಮನಿ ಬಿಡತದೇನ್ರಿ? ನಾ ಎಲ್ಲಾ ಓದಿ ತಿಳಕೊಂಡೀನಿ. ಕಾವಿನ ಕೋಳಿಗೆ ಮನುಷ್ಯಾ ಬೇಕಾಗಂಗಿಲ್ಲ. ದಿನಕ್ಕೊಮ್ಮೆ ಕಾಳು, ನೀರು, ಮುಗೀತು. ಬೇಕಾದ್ರ ನಾ ಇಡತೀನಿ. ನೀವು ನಿಮ್ಮ ತಂಗೀನ ಆರಾಮ ಕರಕೊಂಡ ಹೋಗ್ರಿ.”

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದಕ್ಕೇ ಅವರ ಮುಖಕ್ಕೆ ಚಹಾ ಎರಚಬೇಕು ಎನಿಸಿತು ನನಗೆ. ಅಣ್ಣ ಬಸಿಯಲ್ಲಿ ಕಣ್ಣು ನೆಟ್ಟು ಕೂತಿದ್ದ. ಹಾಗೆ ಎಲ್ಲರೆದುರಿಗೆ ಹೇಳಿಸಿಕೊಂಡ ಮೇಲೆ ಅವನಿಗೆ ಹಿಂದಿನಂತೆ ‘ಬ್ಯಾಡ ಬಿಡು’ ಎಂದು ಎದ್ದುಹೋಗಲು ಬರುತ್ತಿರಲಿಲ್ಲ.

“ಎಲ್ಲೈತ್ರಿ ಕೋಳಿ, ತೋರಸ್ರಿ ನೋಡೂಣು” ಎಂದು ಮಾಸ್ತರರು ಎದ್ದರು. ನಮ್ಮ ಮನೆಯಲ್ಲಿ ನಮ್ಮನ್ನು ಕೇಳದೆ ಅಡುಗೆಮನೆ ದಾಟಿ ಹಿತ್ತಲಿಗೆ ನಡೆದರು. ಅಣ್ಣ ಮೊಣಕಾಲು ಹಿಡಿದು ಎದ್ದು ಅವರ ಹಿಂದೆ ಹೋದ. ನಾನು ಓಡಿದೆ. ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತಳು, ಅಷ್ಟೇ ಅವಳಿಂದಾದದ್ದು.

ಅಷ್ಟರಲ್ಲಿ ಬಚ್ಚಲಮನೆಯಲ್ಲಿದ್ದ ಬೂದು ಹೇಂಟೆ ತತ್ತಿ ಇಟ್ಟಿತು. ಇಟ್ಟದ್ದನ್ನು ಸಾರಬೇಕಲ್ಲ. ಕೊಕ್ಕೊಕ್ಕೊಕ್ಕೋ ಎಂದು, ಮಳೆ ಸದ್ದನ್ನೂ ಮೀರಿ, ಬಾಗಿಲು ನಡುಗುವಂತೆ ಕೂಗಿತು. ನಿಂತು, ಉಸಿರು ತೆಗೆದುಕೊಂಡು, ಮತ್ತೆ ಕೂಗಿತು.

“ಅದೇನ್ರಿ ಅಲ್ಲಿ?” ಎಂದರು ಮಾಸ್ತರರು.

“ಇನ್ನೊಂದ ಕೋಳಿರಿ. ಕಾಲಿಗೆ ಪೆಟ್ಟಾಗೇದ” ಎಂದೆ.

ಅವರು ನಂಬಿದರು. ಅವರು ಓದಿದ್ದು ಕಾವಿನ ಬಗ್ಗೆ ಮಾತ್ರ. ಅಣ್ಣ ನಿಂತಲ್ಲೇ ನಿಂತಿದ್ದ. ಬಚ್ಚಲಮನೆಯ ಕಡೆ ನೋಡಿದ. ಖಾಲಿ ಗೂಡಿನ ಕಡೆ ನೋಡಿದ, ಪೇರಲ ಗಿಡದ ಹಿಂದಿನ ಮಣ್ಣಿನ ದಿಬ್ಬಗಳ ಕಡೆ ನೋಡಿದ. ತತ್ತಿ ಇಟ್ಟು ಕೂಗುವ ಕೋಳಿ ಯಾವುದು, ಕಾವಿಗೆ ಕೂತ ಕೋಳಿ ಯಾವುದು ಎಂದು ತಿಳಿಯದ ಒಕ್ಕಲಿಗ ಹುಟ್ಟಿಲ್ಲ.

ಮಾಸ್ತರರು ಬುಟ್ಟಿಯ ಮೇಲಿನ ಕಲ್ಲಿಗೆ ಕೈ ಹಾಕಿದರು. “ತಡೀರಿ” ಎಂದು ಅಣ್ಣ ಅವರ ಕೈ ಸರಿಸಿದ. ತಾನೇ ಬುಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಕಲ್ಲು ಕೆಳಗಿಟ್ಟ. ಮೇಲಿನ ಬುಟ್ಟಿಯನ್ನು ತನ್ನ ಕಡೆಗೆ ಮಾತ್ರ ನಾಲ್ಕು ಬೆರಳು ಎತ್ತಿ ಬಗ್ಗಿ ನೋಡಿದ. ನಾನು ಅವನ ಬೆನ್ನ ಹಿಂದೆ ಇದ್ದೆ, ನನಗೂ ಕಾಣುತ್ತಿತ್ತು. ಹೊಟ್ಟು, ಮೊಳೆ, ಇದ್ದಿಲು.

ಅವನು ಬೇಗ ಎದ್ದುಬಿಡಲಿಲ್ಲ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ. ಆಮೇಲೆ ಕೈಯನ್ನು ಒಳಗೆ ಹಾಕಿ, ಕೋಳಿಯ ಹೊಟ್ಟೆಯ ಕೆಳಗೆ ತತ್ತಿ ಬೆಚ್ಚಗಿವೆಯೇ ಎಂದು ಮುಟ್ಟಿ ನೋಡುವವರು ಹೇಗೆ ಮೆಲ್ಲಗೆ ಆಡಿಸುತ್ತಾರೋ ಹಾಗೆ ಆಡಿಸಿ ಹೊರಗೆ ತೆಗೆದ. ಬುಟ್ಟಿಯನ್ನು ಸದ್ದಾಗದಂತೆ ಕೆಳಗಿಳಿಸಿದ. ಕಲ್ಲನ್ನು ಮೇಲಿಟ್ಟ.

“ಛಲೋ ಕುಂತೈತಿ” ಎಂದ.

“ನಾನೂ ನೋಡ್ತೀನಿ ತಡೀರಿ” ಎಂದು ಮಾಸ್ತರರು ಬಗ್ಗಿದರು.

“ಬ್ಯಾಡ್ರಿ ಮಾಸ್ತರ. ಬ್ಯಾರೇದವರ ನೆರಳ ಬಿದ್ರ ಎದ್ದ ಬಿಡ್ತೈತಿ. ನೀವ ಅಂದಿದ್ದ ಫಾರಂ ಕೋಳಿ ಮಾತು. ಇದು ಜವಾರಿ. ಕೈಲೆ ಕೂಡಿಸಿದವರ ಇರಬೇಕು, ಅವರು ಊರ ಬಿಟ್ರ ತತ್ತಿ ಕೆಡ್ತಾವ.” ಇಷ್ಟು ಉದ್ದದ ಮಾತನ್ನು ಅವನು ಆಡಿದ್ದು ನಾನು ಅದೇ ಮೊದಲು ಕೇಳಿದ್ದು. ಅದರಲ್ಲಿ ಒಂದಕ್ಷರ ನಿಜವಿರಲಿಲ್ಲ. ಆಡುವಾಗ ಅವನು ತಂಗಿಯ ಕಡೆ ನೋಡಲಿಲ್ಲ. ಅವಳೂ ನೋಡಲಿಲ್ಲ, ಒಗೆಯುವ ಕಲ್ಲಿನ ಮೇಲಿನ ನೀರನ್ನು ಅಂಗೈಯಿಂದ ಒರೆಸುತ್ತಿದ್ದಳು. ಮಳೆ ಬೀಳುತ್ತಲೇ ಇತ್ತು, ಅವಳು ಒರೆಸುತ್ತಲೇ ಇದ್ದಳು.

ಮಾಸ್ತರರು ಜವಾರಿ ಕೋಳಿಯ ಬಗ್ಗೆ ಇನ್ನೂ ಓದಬೇಕೆಂದು ಗೊಣಗುತ್ತ ಮನೆಗೆ ಹೋದರು. ಅಣ್ಣ ಊಟಕ್ಕೆ ಕೂತ. ಅಕ್ಕ ಬಡಿಸಿದಳು. ಕಡುಬು ಇನ್ನೊಂದು ಹಾಕಿಸಿಕೊಂಡ. ಅಣ್ಣ ತಂಗಿ ಎಮ್ಮೆಯ ಬಗ್ಗೆ, ಮಳೆಯ ಬಗ್ಗೆ ಮಾತಾಡಿದರು. ಬುಟ್ಟಿಯ ಮಾತು ಯಾರೂ ಎತ್ತಲಿಲ್ಲ. ಹತ್ತು ವರ್ಷ ಅವರು ಎತ್ತದೆ ನಡೆಸಿಕೊಂಡು ಬಂದದ್ದು ಇದನ್ನೇ ಎಂದು, ಲೆಕ್ಕ ಹೇಳುವ ನನಗೆ ಆ ಹೊತ್ತು ತಿಳಿಯಿತು. ಆಗ ಕೂಡ ಅವನ ಮೇಲೆ ಪ್ರೀತಿ ಬಂತು ಎಂದರೆ ಸುಳ್ಳಾಗುತ್ತದೆ. ‘ನನ್ನ ತಂಗಿ ಬರುವುದಿಲ್ಲ, ಬೇಕಾದರೆ ನೀನೇ ಸಗಣಿ ಬಾಚು’ ಎಂದು ಹೆಂಡತಿಗೆ ಹೇಳಲಾರದೆ, ಸುಗ್ಗಿಗೊಮ್ಮೆ ಹಬ್ಬಕ್ಕೊಮ್ಮೆ ಬಸ್ಸು ಹತ್ತಿ ಬಂದು ಕೋಳಿಯ ಸುದ್ದಿ ಒಯ್ಯುವ ಗಂಡಸು ಎಂಥ ಗಂಡಸು ಎಂದೇ ಈಗಲೂ ನನ್ನ ಅಭಿಪ್ರಾಯ. ಆದರೆ ದಡ್ಡ ಎಂದು ಮತ್ತೆ ಅನ್ನಲಿಲ್ಲ.

ಅಣ್ಣ ಹೊರಡುವಾಗ ಅಕ್ಕ ಒಳಗೆ ಚೀಲದಿಂದ ಸೀರೆ ತೆಗೆದು ಗೂಟಕ್ಕೆ ಹಾಕುತ್ತಿದ್ದಳು. ಗೇಟಿನವರೆಗೆ ಕಳಿಸಲು ನಾನೇ ಹೋದೆ. ಅವನು ಕೊಡೆ ಬಿಚ್ಚಿದ, ನನ್ನ ಮುಖ ನೋಡದೆ ರಸ್ತೆಯ ಕಡೆ ನೋಡುತ್ತ ಹೇಳಿದ:

“ಸುಗ್ಗಿಗೆ ಮತ್ತ ಬರತೇನಿ ಯವ್ವಾ. ಆವಾಗ ಖರೇನ ಒಂದು ಕೋಳಿ ಕೂಡಸ್ರಿ. ನಮ್ಮಾಕಿ ತಾನೂ ಬರತೇನಿ ಅನ್ನಾಕತ್ತಾಳ.”